ಮನೆಯ ಕಂಪ್ಯೂಟರಿಗೆ ಪ್ರೊಸೆಸರು, ಅದಕ್ಕೆ ತಕ್ಕ ತಂಪು

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಕಂಪ್ಯೂಟರನ್ನು ಬಿಟ್ಟು, ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು ಜೋಡಿಸಿಕೊಳ್ಳುವ ಅಭ್ಯಾಸ ನಮ್ಮ ಬೆಂಗಳೂರಿನ ಉತ್ತರ ಭಾಗದ ಬಡಾವಣೆಗಳಲ್ಲಿ ಸಾಕಷ್ಟು ಹಬ್ಬಿದೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ, ಎಲ್ಲಿಗೇ ಹೋಗಿ, ಇಂಜಿನಿಯರಿಂಗ್ ಓದುವ ಮಗನೋ ಅನಿಮೇಷನ್ ಕಲಿಯುವ ಮಗಳೋ ಇರುವ ಮನೆಯಲ್ಲಿ ಈ ಮಾತು ಒಮ್ಮೆಯಾದರೂ ಎದ್ದಿರುತ್ತದೆ. ಆರಿಸುವವರು ಮಕ್ಕಳು, ಹಣ ಹೊಂದಿಸುವವರು ತಂದೆತಾಯಿಗಳು. ಮಕ್ಕಳು ಪ್ರೊಸೆಸರಿನ ಹೆಸರು ಹೇಳುತ್ತಾರೆ, ಹಿರಿಯರು ಬೆಲೆ ಕೇಳುತ್ತಾರೆ. ಈ ಎರಡರ ನಡುವೆ ಯಾರೂ ಕೇಳದೆ ಉಳಿಯುವ ಪ್ರಶ್ನೆ ಒಂದಿದೆ: ಇದು ಎಷ್ಟು ಕಾಯುತ್ತದೆ, ಆ ಕಾವು ಎಲ್ಲಿಗೆ ಹೋಗುತ್ತದೆ? ಅದನ್ನು ಕುರಿತು ತಮ್ಮೊಡನೆ ನಾಲ್ಕು ಮಾತಾಡಬೇಕೆಂದಿದ್ದೇನೆ.

ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕಾರಣವಿದೆ. ಶಾಲೆಗಳ ಹಳೆಯ ಸಂಚಿಕೆಗಳು, ಮರುಮುದ್ರಣ ಕಾಣದ ಪಠ್ಯಗಳು, ವ್ಯಾಕರಣದ ಚಿಕ್ಕ ಚಿಕ್ಕ ಹೊತ್ತಗೆಗಳು, ಇವನ್ನು ಸ್ಕ್ಯಾನು ಮಾಡಿ ಅಕ್ಷರರೂಪಕ್ಕೆ ತರುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಸಂಜೆಯ ಹೊತ್ತು ಮಾಡುತ್ತ ಬಂದಿದ್ದೇನೆ. ಕಾಗದ ಕಂದಿ ಮುರಿಯುತ್ತಿದೆ, ಹುಳು ತಿನ್ನುತ್ತಿದೆ. ಇಂದು ಮಾಡದಿದ್ದರೆ ನಾಳೆ ಮಾಡಲು ಪುಟವೇ ಉಳಿದಿರುವುದಿಲ್ಲ. ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸಿಕೊಡುವ ಟೆಸೆರಾಕ್ಟ್ ಎಂಬ ತಂತ್ರಾಂಶ ಯಾರಿಗೂ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಬಲ್ಲದು. ಅದಕ್ಕೆ ನೂರಾರು ಪುಟಗಳನ್ನು ಒಟ್ಟಿಗೆ ಕೊಟ್ಟರೆ ಪ್ರೊಸೆಸರು ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯುತ್ತದೆ. ಕಾಯುವುದು ಎಂಬ ಕ್ರಿಯಾಪದಕ್ಕೆ ಬಿಸಿಯಾಗುವುದು, ನಿರೀಕ್ಷಿಸುವುದು ಎಂಬ ಎರಡೂ ಅರ್ಥಗಳುಂಟಷ್ಟೆ. ಈ ಯಂತ್ರದ ವಿಷಯದಲ್ಲಿ ಅವೆರಡೂ ಒಂದಕ್ಕೊಂದು ಅಂಟಿಕೊಂಡಿವೆ: ಅದು ಕಾದರೆ ನಾವು ಕಾಯಬೇಕು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಕಾವಿನ ಮೂಲ. ಪ್ರೊಸೆಸರು ಎಷ್ಟು ವಿದ್ಯುತ್ತು ತಿನ್ನುತ್ತದೆಯೋ ಅಷ್ಟೂ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ಫ್ಯಾನು ಎಲೆಕ್ಟ್ರಿಸಿಟಿಯನ್ನು ತಿಂದು ಗಾಳಿ ಕೊಡುತ್ತದೆ, ದೀಪ ಬೆಳಕು ಕೊಡುತ್ತದೆ. ಪ್ರೊಸೆಸರು ಕೊಡುವುದು ಲೆಕ್ಕದ ಉತ್ತರ. ಉತ್ತರಕ್ಕೆ ತೂಕವಿಲ್ಲ, ಶಾಖಕ್ಕೆ ಉಂಟು. ಹಿಂದಿನ ಕಾಲದ ನೂರು ವ್ಯಾಟಿನ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿದವರಿಗೆ ನೂರು ವ್ಯಾಟು ಎಂದರೇನೆಂದು ಗೊತ್ತು. ಅಷ್ಟೇ ಕಾವು ಹೆಬ್ಬೆರಳಿನ ಉಗುರಿನಗಲದ ಸಿಲಿಕಾನ್ ಬಿಲ್ಲೆಯೊಂದರಲ್ಲಿ ಹುಟ್ಟಿದರೆ ಅದನ್ನು ಕ್ಷಣಕ್ಷಣವೂ ಎತ್ತಿ ಹೊರಗೆ ಹಾಕುತ್ತಿರಬೇಕು. ಆ ಕೆಲಸವೇ ಕೂಲರಿನದು. ಆದುದರಿಂದ ಪ್ರೊಸೆಸರನ್ನು ಒಂದು ದಿನ, ಕೂಲರನ್ನು ಉಳಿದ ಚಿಲ್ಲರೆಯಲ್ಲಿ ಇನ್ನೊಂದು ದಿನ ಕೊಳ್ಳುವ ಪದ್ಧತಿ ಸರಿಯಲ್ಲ. ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೆ ಮಾತ್ರ ಪ್ರಾಧಾನ್ಯ. ಇದು ದ್ವಂದ್ವ ಸಮಾಸ, ಎರಡು ಪದಗಳೂ ಪ್ರಧಾನ.

ಈಗ ಯಾವ ಪ್ರೊಸೆಸರು ಎಂಬ ಮಾತು. ಇದಕ್ಕೆ ಉತ್ತರವನ್ನು ಅಂಗಡಿಯಲ್ಲಿ ಹುಡುಕುವ ಮೊದಲು ಮನೆಯಲ್ಲಿ ಹುಡುಕಬೇಕು. ನುಡಿಯಲ್ಲಿ ಟೈಪು ಮಾಡುವುದು, ಲೆಕ್ಕಪತ್ರ, ಪಾಠ ಕೇಳುವುದು, ಚಲನಚಿತ್ರ ನೋಡುವುದು, ಇಷ್ಟೇ ಇದ್ದರೆ ನಾಲ್ಕು ಕೋರುಗಳ, ಚಿತ್ರ ತೋರಿಸುವ ಶಕ್ತಿಯೂ ತನ್ನಲ್ಲಿಯೇ ಅಡಗಿರುವ ಪ್ರೊಸೆಸರು ಧಾರಾಳವಾಗಿ ಸಾಕು. ಅಂಥದು ದಿನದ ಹೆಚ್ಚಿನ ಹೊತ್ತು ತೂಕಡಿಸುತ್ತಲೇ ಇರುತ್ತದೆ. ಪ್ರೋಗ್ರಾಮು ಬರೆಯುವ ವಿದ್ಯಾರ್ಥಿಗೆ ಆರು ಕೋರು ಒಳ್ಳೆಯದು. ಯಂತ್ರಭಾಗಗಳ ನಕ್ಷೆ ಬರೆಯುವವರಿಗೆ ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ಮುಖ್ಯ, ಏಕೆಂದರೆ ಅಂಥ ತಂತ್ರಾಂಶಗಳು ಬಹಳಷ್ಟು ಕೆಲಸವನ್ನು ಒಂದರ ಹಿಂದೊಂದಾಗಿ ಮಾಡುತ್ತವೆ. ವಿಡಿಯೊ ತಿದ್ದುವುದು, ಮೂರು ಆಯಾಮದ ಚಿತ್ರಗಳನ್ನು ಪ್ರೊಸೆಸರಿನಿಂದಲೇ ಬಿಡಿಸುವುದು, ನನ್ನಂತೆ ಪುಟಗಳ ರಾಶಿಯನ್ನು ಓದಿಸುವುದು, ಇಂಥ ಕಡೆ ಎಂಟು, ಹನ್ನೆರಡು ಕೋರುಗಳಿಗೆ ನಿಜವಾಗಿ ಕೆಲಸವಿದೆ. ಆಟವೇ ಮುಖ್ಯವೆನ್ನುವ ಹುಡುಗರಿಗೆ ಹೆಚ್ಚು ಹಣ ಹೋಗಬೇಕಾದದ್ದು ಗ್ರಾಫಿಕ್ಸ್ ಕಾರ್ಡಿಗೆ. ಪ್ರೊಸೆಸರು ಮಧ್ಯಮ ದರ್ಜೆಯದಾದರೆ ನಡೆಯುತ್ತದೆ.

ಹೆಸರುಗಳು ಗಾಬರಿಪಡಿಸುವಂತೆ ಕಾಣುತ್ತವೆ, ನಿಜ. ಆದರೆ ವ್ಯಾಕರಣ ಓದಿದವರಿಗೆ ಅಷ್ಟೇನೂ ಕಷ್ಟವಿಲ್ಲ. ಪ್ರಕೃತಿಗೆ ಪ್ರತ್ಯಯ ಹತ್ತಿದಾಗ ಅರ್ಥ ಬದಲಾಗುವಂತೆ ಇಲ್ಲಿ ಅಂಕಿಗಳ ಕೊನೆಗೆ ಹತ್ತಿದ ಅಕ್ಷರದಿಂದ ಅರ್ಥ ಬದಲಾಗುತ್ತದೆ. ಇಂಟೆಲ್ ಪ್ರೊಸೆಸರಿನ ಕೊನೆಯಲ್ಲಿ ಕೆ ಎಂದಿದ್ದರೆ ವೇಗದ ಬೀಗ ತೆಗೆದದ್ದು ಎಂದರ್ಥ, ಅದು ಹೆಚ್ಚು ವಿದ್ಯುತ್ತು ತಿನ್ನುವ ಜಾತಿ, ಪೆಟ್ಟಿಗೆಯಲ್ಲಿ ಕೂಲರು ಬರುವುದಿಲ್ಲ. ಎಫ್ ಎಂದಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡು ಹಾಕದೆ ಪರದೆಯಲ್ಲಿ ಏನೂ ಮೂಡದು. ಟಿ ಎಂದಿದ್ದರೆ ಮಿತಾಹಾರಿ. ಎಎಂಡಿಯವರ ರೈಜನ್‌ಗಳಲ್ಲಿ ಜಿ ಎಂದರೆ ಗ್ರಾಫಿಕ್ಸ್ ಚೆನ್ನಾಗಿರುವುದು. ಎಕ್ಸ್ ಎಂದರೆ ಅದೇ ಅಂಕಿಯದಕ್ಕಿಂತ ಒಂದು ಗುಕ್ಕು ವೇಗ ಹೆಚ್ಚು. ಎಕ್ಸ್3ಡಿ ಎಂದರೆ ಒಳಗಿನ ಸ್ಮೃತಿಯನ್ನು ಅಂತಸ್ತಿನಂತೆ ಪೇರಿಸಿರುವುದು, ಇದು ಆಟಗಳಿಗೆ ಅನುಕೂಲ. ನಾನು ಕಂಡಂತೆ ನಮ್ಮ ಕಡೆಯ ಮನೆಗಳಲ್ಲಿ ಅತಿ ಹೆಚ್ಚು ಹಣ ವ್ಯರ್ಥವಾಗಿರುವುದು ಈ ಕೆ ಪ್ರತ್ಯಯದಿಂದ. ಬೀಗ ತೆಗೆದದ್ದನ್ನು ಕೊಂಡು ಒಂದು ದಿನವೂ ಬಾಗಿಲು ತೆರೆಯದವರೇ ಬಹಳ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ, ವಿಷಯಾಂತರವಾದರೂ ಆಗಲಿ. ಈ ಬಿಲ್ಲೆಗಳು ಎಲ್ಲಿಯೋ ದೂರದೇಶದಿಂದ ಬರುವ ಮಾಯೆಯೆಂಬ ಭಾವನೆ ಮಕ್ಕಳಲ್ಲಿದೆ. ಇಂಟೆಲ್ ಕಂಪನಿಯ ಆರು ಕೋರಿನ ಜಿಯಾನ್ 7400 ಎಂಬ ಪ್ರೊಸೆಸರು 2008ರಲ್ಲಿ ಹೊರಬಂದಿತು. ಅದರ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಎಎಂಡಿಯವರೂ 2023ರಲ್ಲಿ ಇಲ್ಲಿ ದೊಡ್ಡದೊಂದು ವಿನ್ಯಾಸಕೇಂದ್ರವನ್ನು ತೆರೆದರು. ಹಾಗಾಗಿ ಕಾವಿನ ಲೆಕ್ಕ ನಮಗೆ ತಿಳಿಯದ ವಿದ್ಯೆಯೆಂದು ಹಿಂಜರಿಯಬೇಕಾದದ್ದಿಲ್ಲ.

ಆ ಲೆಕ್ಕಕ್ಕೆ ಬರೋಣ. ಪೆಟ್ಟಿಗೆಯ ಮೇಲೆ 65 ವ್ಯಾಟು ಎಂದು ಅಚ್ಚು ಹಾಕಿದ್ದರೆ ಪ್ರೊಸೆಸರು 65 ವ್ಯಾಟನ್ನೇ ತಿನ್ನುತ್ತದೆಂದು ನಂಬಬಾರದು. ಎಎಂಡಿಯವರ ಎಎಂ5 ಸಾಕೆಟ್ಟಿನಲ್ಲಿ 65 ಎಂದು ಬರೆದದ್ದು ಪೂರ್ತಿ ದುಡಿಯುವಾಗ 88 ವ್ಯಾಟಿನವರೆಗೆ ತೆಗೆದುಕೊಳ್ಳಬಹುದು. 105 ಎಂದದ್ದು 142ರವರೆಗೆ, 170 ಎಂದದ್ದು 230ರವರೆಗೆ. ಇಂಟೆಲ್‌ನವರು ಎರಡು ಅಂಕಿಗಳನ್ನು ಕೊಡುತ್ತಾರೆ, ಆದರೆ ಅಂಗಡಿಯವರು ಹೇಳುವುದು ಚಿಕ್ಕದನ್ನು. ಕೋರ್ ಐ5 12400ಕ್ಕೆ ಮೂಲ 65, ಗರಿಷ್ಠ 117. ಐ5 14400ಕ್ಕೆ ಮೂಲ 65, ಗರಿಷ್ಠ 148. ಐ7 14700ಕೆ ಎಂಬುದಕ್ಕೆ ಮೂಲ 125, ಗರಿಷ್ಠ 253. ಒಂದೇ 65ರ ಚೀಟಿ ಹೊತ್ತ ಮೂರು ಪ್ರೊಸೆಸರುಗಳು 88, 117, 148 ಎಂದು ಮೂರು ದಾರಿ ಹಿಡಿದದ್ದನ್ನು ತಾವು ಗಮನಿಸಿರಬಹುದು. ಕೂಲರು ಆರಿಸುವಾಗ ನೋಡಬೇಕಾದದ್ದು ಈ ದೊಡ್ಡ ಅಂಕಿಯನ್ನು.

ಇನ್ನೊಂದು ಅಂಕಿ ಪೆಟ್ಟಿಗೆಯ ಮೇಲೆ ಇರುವುದೇ ಇಲ್ಲ. ಅದು ತಮ್ಮ ಕೋಣೆಯ ಉಷ್ಣತೆ. ಕೂಲರು ಎಂಬ ಹೆಸರು ಕೇಳಿ ಅದು ತಣ್ಣಗೆ ಮಾಡುತ್ತದೆಂದು ಭಾವಿಸುವುದು ಸಹಜ. ಮಣ್ಣಿನ ಹೂಜಿಯ ನೀರು ಸುತ್ತಲ ಗಾಳಿಗಿಂತ ತಣ್ಣಗಿರುತ್ತದೆ, ಅದರ ಮೈಯಿಂದ ನೀರು ಆವಿಯಾಗಿ ಹೋಗುವಾಗ ಶಾಖವನ್ನು ಒಯ್ಯುವುದರಿಂದ. ಕಂಪ್ಯೂಟರಿನ ಕೂಲರು ಹೂಜಿಯಲ್ಲ. ಅದು ಪ್ರೊಸೆಸರಿನ ಕಾವನ್ನು ಕೋಣೆಯ ಗಾಳಿಗೆ ವರ್ಗಾಯಿಸಬಲ್ಲುದೇ ಹೊರತು ಕೋಣೆಗಿಂತ ಕೆಳಕ್ಕೆ ಇಳಿಸಲಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಸುಮಾರಾಗಿ ಹತ್ತು ಡಿಗ್ರಿ ಏರುತ್ತದೆ.

ಬೆಂಗಳೂರು ತಂಪಿನ ಊರೆಂಬ ಹಳೆಯ ಹೊಗಳಿಕೆಯನ್ನು ನಾವು ಇನ್ನೂ ಬಿಟ್ಟಿಲ್ಲ. 2016ರ ಏಪ್ರಿಲಿನಲ್ಲಿ ಇದೇ ಊರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದು ನೆರಳಿನ ಲೆಕ್ಕ. ನಮ್ಮ ಕಡೆ ಮನೆಯ ಮೇಲೆ ಮನೆ ಕಟ್ಟಿ, ಓದುವ ಮಕ್ಕಳಿಗೆ ಕೊಡುವುದು ಎಲ್ಲಕ್ಕಿಂತ ಮೇಲಿನ ಕೋಣೆಯನ್ನು. ಇಡೀ ದಿನ ಬಿಸಿಲುಂಡ ಕಾಂಕ್ರೀಟು ಚಾವಣಿ ರಾತ್ರಿ ಹತ್ತರವರೆಗೂ ಕೆಳಗೆ ಕಾವು ಸುರಿಸುತ್ತಿರುತ್ತದೆ. ಹೊರಗೆ ತಂಗಾಳಿ ಬೀಸುವ ಹೊತ್ತಿನಲ್ಲಿಯೂ ಒಳಗೆ 33, 34 ಡಿಗ್ರಿ ಇರುವುದನ್ನು ಯಾರು ಬೇಕಾದರೂ ಒಂದು ಸಾದಾ ಥರ್ಮಾಮೀಟರು ಇಟ್ಟು ನೋಡಬಹುದು. ಇದರ ಮೇಲೆ ಇನ್ನೊಂದು ಸಣ್ಣ ಕೊರತೆ: ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಎಂಟು ಪಾಲಿನಷ್ಟು ತೆಳು. ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಒಯ್ಯುವ ಕಾವು ಸ್ವಲ್ಪ ಕಡಿಮೆ.

ಈಗ ಶಾಲೆಯ ಹಲಗೆಯ ಮೇಲೆ ಬಿಡಿಸುವಂತೆ ಒಂದು ಲೆಕ್ಕ. ಚಿಕ್ಕ ಕೂಲರೊಂದು ಪ್ರತಿ ವ್ಯಾಟಿಗೆ 0.6 ಡಿಗ್ರಿಯಂತೆ ಏರಲು ಬಿಡುತ್ತದೆಂದು ಇಟ್ಟುಕೊಳ್ಳಿ. 88 ವ್ಯಾಟಿಗೆ ಸುಮಾರು 53 ಡಿಗ್ರಿ ಏರಿಕೆ. ಜನವರಿಯ ಬೆಳಿಗ್ಗೆ ಕೋಣೆ 20 ಡಿಗ್ರಿ ಇದ್ದರೆ ಪ್ರೊಸೆಸರು 73ರಲ್ಲಿ ನೆಮ್ಮದಿಯಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ಕೋಣೆ 35, ಮುಚ್ಚಿದ ಕ್ಯಾಬಿನೆಟ್ಟಿನ ಒಳಗೆ ಇನ್ನೂ ಐದು ಸೇರಿ 40, ಪ್ರೊಸೆಸರು 93. ಈಚಿನ ರೈಜನ್‌ಗಳಲ್ಲಿ ಹಲವಕ್ಕೆ ಮಿತಿ 95. ಅಂತೂ ಪಾಸಾಯಿತು, ಕೃಪಾಂಕದಿಂದ. ಅದೇ ಕೂಲರಿನ ಕೆಳಗೆ 142 ವ್ಯಾಟಿನ ಪ್ರೊಸೆಸರು ಕೂರಿಸಿದರೆ? ಮಿತಿಗೂ ಒಳಗಿನ ಗಾಳಿಗೂ ಇರುವ ಅಂತರ 55 ಡಿಗ್ರಿ, ಅದನ್ನು 0.6ರಿಂದ ಭಾಗಿಸಿದರೆ ಸುಮಾರು 92 ವ್ಯಾಟು. ಅದಕ್ಕಿಂತ ಹೆಚ್ಚಿಗೆ ತಿನ್ನಲು ಪ್ರೊಸೆಸರು ತನ್ನನ್ನು ತಾನೇ ಬಿಡುವುದಿಲ್ಲ, ವೇಗವನ್ನು ಇಳಿಸಿಕೊಳ್ಳುತ್ತದೆ. 142ರ ಬೆಲೆ ಕೊಟ್ಟವರಿಗೆ ಏಪ್ರಿಲಿನಲ್ಲಿ ದೊರೆತದ್ದು 92ರ ಕೆಲಸ. ಸುಟ್ಟುಹೋಗುವುದಿಲ್ಲ, ಹೊಗೆ ಬರುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಯಂತ್ರ ಕಾಯಿತು, ಮುಂದೆ ಕುಳಿತವರು ಕಾದರು.

ಯಲಹಂಕದಲ್ಲಿ ನಮ್ಮ ಮನೆಗೆ ಹತ್ತಿರದಲ್ಲಿಯೇ ಇಂಥ ಒಂದು ಪ್ರಸಂಗ ನಡೆಯಿತು. ನನ್ನ ಹಳೆಯ ವಿದ್ಯಾರ್ಥಿನಿ ಅನಿಮೇಷನ್ ಓದುತ್ತಿದ್ದಳು. ತಾಯಿ ಹೊಲಿಗೆಯಿಂದ ಕಟ್ಟಿದ ಚೀಟಿಯ ಹಣವನ್ನೆಲ್ಲ ಎತ್ತಿ, ಸಂಪಿನ ದುರಸ್ತಿಯನ್ನು ಮುಂದಕ್ಕೆ ಹಾಕಿ, ಕಂಪ್ಯೂಟರು ಮಾಡಿಸಿಕೊಟ್ಟರು. ಜೋಡಿಸಿದವರು ದೊಡ್ಡ ದರ್ಜೆಯ ಪ್ರೊಸೆಸರು, ಮುಂದೆಯೂ ಪಕ್ಕಕ್ಕೂ ಗಾಜಿನ ಹಲಗೆಯ ಕ್ಯಾಬಿನೆಟ್ಟು, ಬಣ್ಣಬಣ್ಣದ ದೀಪ ಎಲ್ಲವನ್ನೂ ಹಾಕಿದ್ದರು. ಕೂಲರು ಮಾತ್ರ ಅಂಗೈಯಗಲದ್ದು. ಡಿಸೆಂಬರಿನಲ್ಲಿ ಎಲ್ಲವೂ ಚೆನ್ನ. ಮಾರ್ಚಿಯ ಕೊನೆಗೆ, ಕಾಲೇಜಿಗೆ ಒಪ್ಪಿಸಬೇಕಾದ ಚಿತ್ರವನ್ನು ಬಿಡಿಸಲು ಹಾಕಿದರೆ, ಗೆಳತಿಯ ಅರ್ಧ ಬೆಲೆಯ ಯಂತ್ರದಲ್ಲಿ ಮುಗಿಯುವ ಕೆಲಸ ಇದರಲ್ಲಿ ಮುಗಿಯದು. ಒಮ್ಮೆ ನಡುರಾತ್ರಿ ತಾನಾಗಿ ಆರಿಯೂ ಹೋಯಿತು. ಇನ್ನೂ ದೊಡ್ಡ ಪ್ರೊಸೆಸರು ಬೇಕು ಎಂದು ಸಲಹೆ ಬಂತು. ತಾಯಿ ಕಿವಿಯ ಓಲೆ ಮುಟ್ಟಿ ನೋಡಿಕೊಳ್ಳುತ್ತ ಬಂದು, "ಮೇಷ್ಟ್ರೇ, ಇದು ಹಾಳಾಯಿತೆ?" ಎಂದು ಕೇಳಿದರು.

ಹಾಳಾಗಿರಲಿಲ್ಲ. ನಾವು ಹೋಗಿ ಮೊದಲು ಮುಂದಿನ ಗಾಜನ್ನು ತೆಗೆದೆವು. ಅಷ್ಟಕ್ಕೇ ಏಳೆಂಟು ಡಿಗ್ರಿ ಇಳಿಯಿತು. ಬಯಾಸಿನೊಳಗೆ ಪ್ರೊಸೆಸರಿಗೆ ವಿದ್ಯುತ್ತಿನ ಮಿತಿಯನ್ನೇ ಇಟ್ಟಿರಲಿಲ್ಲ, ಉಂಡಷ್ಟೂ ಬಡಿಸು ಎಂಬಂತೆ ಬಿಟ್ಟಿದ್ದರು. ಅದನ್ನು ಅಳತೆಗೆ ತಂದೆವು. ಎರಡು ದಿನ ಬಿಟ್ಟು ಆ ಚಿಕ್ಕ ಕೂಲರನ್ನು ಬದಲಾಯಿಸಿ ಗೋಪುರದಂಥದೊಂದನ್ನು ಹಾಕಿಸಿದರು. ಪ್ರೊಸೆಸರಿನ ಬೆಲೆಯ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಹುಡುಗಿ ಚಿತ್ರವನ್ನು ಒಪ್ಪಿಸಿದಳು. ಸಂಪಿನ ದುರಸ್ತಿ ಮಾತ್ರ ಮಳೆಗಾಲ ಕಳೆಯುವವರೆಗೆ ನಿಂತೇ ಇತ್ತು.

ಗೋಪುರದ ಕೂಲರು ಎಂದೆನಲ್ಲ, ಅದರ ಒಳಗುಟ್ಟು ಸೊಗಸಾದದ್ದು. ಕೆಳಗೆ ತಾಮ್ರದ ತಳ, ಅದರಿಂದ ಮೇಲೇಳುವ ನಾಲ್ಕೈದು ತಾಮ್ರದ ಕೊಳವೆಗಳು, ಕೊಳವೆಗಳಿಗೆ ಪೋಣಿಸಿದ ಅಲ್ಯುಮಿನಿಯಂ ರೆಕ್ಕೆಗಳು, ಪಕ್ಕದಲ್ಲಿ ಒಂದು ಫ್ಯಾನು. ಕೊಳವೆ ಗಟ್ಟಿ ತಾಮ್ರವಲ್ಲ, ಟೊಳ್ಳು. ಗಾಳಿ ತೆಗೆದು ಒಳಗೆ ತುಸು ನೀರನ್ನು ಇಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ಆ ನೀರು ಕಡಿಮೆ ಶಾಖಕ್ಕೇ ಆವಿಯಾಗಿ ಮೇಲಕ್ಕೆ ಹೋಗುತ್ತದೆ, ರೆಕ್ಕೆಗಳಿರುವ ತಂಪು ತುದಿಯಲ್ಲಿ ಶಾಖವನ್ನು ಬಿಟ್ಟು ಹನಿಯಾಗುತ್ತದೆ, ಕೊಳವೆಯ ಒಳಮೈಯ ಬತ್ತಿಯಂಥ ಪದರದ ಮೂಲಕ ಮತ್ತೆ ಕೆಳಕ್ಕೆ ಬರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ಹನಿಗಳು ನಿಂತಿರುವುದನ್ನು ದಿನವೂ ನೋಡುತ್ತೇವಷ್ಟೆ. ಇಲ್ಲಿಯೂ ಅದೇ, ಇಡ್ಲಿಯೊಂದು ಇಲ್ಲ. ಅಮೆರಿಕದ ಗಾಗ್ಲರ್ ಎಂಬಾತ ಇಂಥದೊಂದು ಕಲ್ಪನೆಗೆ 1944ರಲ್ಲಿಯೇ ಪೇಟೆಂಟು ಪಡೆದಿದ್ದ. 1963ರಲ್ಲಿ ಲಾಸ್ ಅಲಾಮೋಸ್‌ನ ಗ್ರೋವರ್ ಅದನ್ನು ಮಾಡಿ ತೋರಿಸಿದ. ಆ ದಿನಗಳಲ್ಲಿ ಅದರ ಮೇಲೆ ಕಣ್ಣಿಟ್ಟವರು ಬಾಹ್ಯಾಕಾಶದ ಕೆಲಸದವರು. ಈಗ ಅದು ನಮ್ಮ ಮೇಜಿನ ಕೆಳಗಿದೆ.

120 ಮಿಲಿಮೀಟರ್ ಫ್ಯಾನಿನ, ನಾಲ್ಕು ಕೊಳವೆಗಳ ಇಂಥ ಒಂದು ಗೋಪುರಕ್ಕೆ ಪ್ರತಿ ವ್ಯಾಟಿಗೆ 0.4 ಡಿಗ್ರಿ ಎಂದು ಹಿಡಿಯೋಣ. ಮೇಲಿನ ಲೆಕ್ಕವನ್ನೇ ಮಾಡಿದರೆ 55ನ್ನು 0.4ರಿಂದ ಭಾಗಿಸಿ ಸುಮಾರು 137 ವ್ಯಾಟು. ಅಂದರೆ ಏಪ್ರಿಲಿನ ಮಧ್ಯಾಹ್ನದಲ್ಲಿಯೂ ಮಧ್ಯಮ ದರ್ಜೆಯ ಎಲ್ಲ ಪ್ರೊಸೆಸರುಗಳನ್ನೂ ಇದು ಹೆಚ್ಚು ಕಡಿಮೆ ನಿಭಾಯಿಸುತ್ತದೆ. 88 ವ್ಯಾಟಿನದಕ್ಕೆ ಹಾಕಿದರಂತೂ ಫ್ಯಾನು ನಿಧಾನವಾಗಿ ತಿರುಗಿದರೆ ಸಾಕು. ಪಕ್ಕದಲ್ಲಿ ಓದುವವರಿಗೆ ಸದ್ದೇ ಕೇಳಿಸದು. ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಕೂಲರು ಕೆಲಸಕ್ಕೆ ಬಾರದ್ದೆಂದು ನಾನು ಹೇಳುವುದಿಲ್ಲ. ಟೈಪು, ಪಾಠ, ಲೆಕ್ಕಪತ್ರ ಇಷ್ಟೇ ಇರುವ ಮನೆಗೆ ಅದು ಸಾಕು, ಬೇರೆ ಕೊಳ್ಳಬೇಡಿ.

ನೀರಿನಿಂದ ತಂಪು ಮಾಡುವ ಏರ್ಪಾಟೊಂದಿದೆ, ಮಕ್ಕಳಿಗೆ ಅದರ ಮೇಲೆ ಬಹಳ ಮೋಹ. ಪ್ರೊಸೆಸರಿನ ಮೇಲೆ ಒಂದು ಪಂಪು, ಎರಡು ರಬ್ಬರ್ ಕೊಳವೆ, 240 ಅಥವಾ 360 ಮಿಲಿಮೀಟರ್ ಉದ್ದದ ರೇಡಿಯೇಟರು. ನೀರಾದರೇನು, ಕೊನೆಗೆ ಕಾವನ್ನು ಬಿಡುವುದು ಅದೇ ಕೋಣೆಯ ಗಾಳಿಗೇ ಎಂಬುದನ್ನು ಮರೆಯಬಾರದು. 230, 253 ವ್ಯಾಟು ತಿನ್ನುವ ದೊಡ್ಡ ಪ್ರೊಸೆಸರುಗಳನ್ನು ಗಂಟೆಗಟ್ಟಲೆ ದುಡಿಸುವವರಿಗೆ ಅದು ಬೇಕು, ತಪ್ಪದು. ಯಶವಂತಪುರದ ಪಕ್ಕದಲ್ಲಿಯೇ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 2022ರಲ್ಲಿ ಪರಮ್ ಪ್ರವೇಗ ಎಂಬ ಸೂಪರ್ ಕಂಪ್ಯೂಟರು ಕೆಲಸಕ್ಕೆ ಬಂದಿತು, ಸೆಕೆಂಡಿಗೆ 3.3 ಪೆಟಾಫ್ಲಾಪ್, ಎಂದರೆ ಮೂರು ಸಾವಿರ ಲಕ್ಷಕೋಟಿಗೂ ಮಿಕ್ಕ ಲೆಕ್ಕಗಳ ಸಾಮರ್ಥ್ಯದ್ದು. ಅಂಥ ಬೀರುಗಳ ಸಾಲಿಗೆ ದ್ರವವನ್ನು ಹಾಯಿಸಿ ತಂಪು ಮಾಡುವುದು ಅರ್ಥವಾಗುವ ಮಾತು. ಆರು ಕೋರಿನ ಮನೆಯ ಯಂತ್ರಕ್ಕೆ ಅದೇ ಶೃಂಗಾರ ಮಾಡಹೊರಡುವುದು ಮದುವೆಯ ಮೆರವಣಿಗೆಗೆ ರಥ ತರಿಸಿದಂತೆ. ಅಲ್ಲದೆ ಗೋಪುರದ ಕೂಲರಿನಲ್ಲಿ ಕೆಡುವ ಭಾಗ ಫ್ಯಾನೊಂದೇ, ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ನೀರಿನದರಲ್ಲಿ ಪಂಪು ನಿಂತರೆ ಇಡಿಯನ್ನೇ ಬದಲಾಯಿಸಬೇಕು. ವರ್ಷಗಳು ಕಳೆದಂತೆ ಕೊಳವೆಯ ಮೂಲಕ ದ್ರವವೂ ಬಹಳ ನಿಧಾನವಾಗಿ ಸೋರಿ ಕಡಿಮೆಯಾಗುತ್ತದೆ.

ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದಾಗಿರಲಿ. ಮುಂದಿನಿಂದ ಗಾಳಿ ಒಳಗೆ, ಹಿಂದಿನಿಂದ ಹೊರಗೆ, ಎರಡು ಫ್ಯಾನುಗಳಿಂದ ಇಷ್ಟು ನಡೆದರೆ ಆಯಿತು. ಬಳ್ಳಾರಿ ರಸ್ತೆಯ ಎರಡೂ ಕಡೆ ಕಟ್ಟಡದ ಕೆಲಸ ನಿಂತ ದಿನವಿಲ್ಲ. ಆ ಸಿಮೆಂಟಿನ ಧೂಳು ಕಿಟಕಿಯಿಂದ ಬಂದು ಕೂಲರಿನ ರೆಕ್ಕೆಗಳ ನಡುವೆ ಕೂರುತ್ತದೆ. ಅದಕ್ಕಿಂತ ಕೆಟ್ಟದ್ದು ಅಡುಗೆಮನೆಯ ಒಗ್ಗರಣೆಯ ಹೊಗೆ, ದೇವರ ಮನೆಯ ಊದುಬತ್ತಿಯ ಹೊಗೆ. ಅವು ಜಿಡ್ಡಾಗಿ ಹತ್ತಿದರೆ ಧೂಳು ಉದುರುವುದೇ ಇಲ್ಲ. ಜಾಲರಿಯ ಫಿಲ್ಟರನ್ನು ತಿಂಗಳಿಗೊಮ್ಮೆ ನಲ್ಲಿಯ ಕೆಳಗೆ ತೊಳೆದು ಒಣಗಿಸಿ ಹಾಕಿ. ಯುಗಾದಿಗೆ ಮನೆ ತೊಳೆಯುವಾಗ ಒಳಭಾಗವನ್ನೂ ಬ್ರಷ್ಷಿನಿಂದ ಒಮ್ಮೆ ಗುಡಿಸಿ, ಬೇಸಗೆಗೆ ಮುಂಚೆ ಆದಂತಾಗುತ್ತದೆ. ಕಂಪ್ಯೂಟರು ಮೇಜಿನಲ್ಲಿ ಪೆಟ್ಟಿಗೆ ಇಡಲೆಂದು ಬಾಗಿಲಿರುವ ಗೂಡೊಂದನ್ನು ಬಡಗಿಗಳು ಮಾಡಿಕೊಡುತ್ತಾರಲ್ಲ, ಅದರೊಳಗೆ ಇಟ್ಟರೆ ಹೊರಹೋದ ಬಿಸಿಗಾಳಿಯೇ ಮತ್ತೆ ಒಳಬರುತ್ತದೆ. ಹೊರಗಿಡಿ, ಗೋಡೆಯಿಂದ ಒಂದು ಗೇಣು ದೂರ.

ಕರೆಂಟು ಹೋಗುವ ನಮ್ಮೂರಿನಲ್ಲಿ ಯು.ಪಿ.ಎಸ್. ಇಲ್ಲದ ಮನೆ ಕಡಿಮೆ. 600 ವಿ.ಎ. ಎಂದು ಬರೆದ ಸಾಮಾನ್ಯ ಯು.ಪಿ.ಎಸ್. ಕೊಡಬಲ್ಲದ್ದು ಸುಮಾರು 360 ವ್ಯಾಟು. ದೊಡ್ಡ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಒಟ್ಟಿಗೆ ದುಡಿಯುವಾಗ ಕರೆಂಟು ಹೋದರೆ ಅದು ಒಂದು ಕ್ಷಣವೂ ಹೊರಲಾರದು. ಕಡಿಮೆ ವ್ಯಾಟಿನ ಪ್ರೊಸೆಸರಿನ ಅನುಕೂಲ ಇಲ್ಲಿಯೂ ಉಂಟು.

ಈಗಾಗಲೇ ದೊಡ್ಡದನ್ನು ಕೊಂಡವರು ಚಿಂತಿಸಬೇಕಾದ್ದಿಲ್ಲ. ಎಎಂಡಿ ಮದರ್‌ಬೋರ್ಡುಗಳ ಬಯಾಸಿನಲ್ಲಿ ಇಕೊ ಮೋಡ್ ಎಂಬ ಸೌಲಭ್ಯವಿದೆ. ಇಂಟೆಲ್‌ನವಕ್ಕೆ ಪವರ್ ಲಿಮಿಟ್ ಎಂಬ ಎರಡು ಅಂಕಿಗಳಿರುತ್ತವೆ. ಅವನ್ನು ಇಳಿಸಿದರೆ ಕಾವು ಬಹಳ ಇಳಿಯುತ್ತದೆ, ವೇಗ ಅಷ್ಟು ಇಳಿಯುವುದಿಲ್ಲ, ಏಕೆಂದರೆ ಕೊನೆಯ ಒಂದಿಷ್ಟು ವೇಗಕ್ಕಾಗಿಯೇ ಪ್ರೊಸೆಸರು ಹೆಚ್ಚಿನ ವಿದ್ಯುತ್ತನ್ನು ನುಂಗುವುದು. ಮಾರ್ಚಿಯಿಂದ ಮೇವರೆಗೆ ನಾನು ಹಾಗೆಯೇ ಇಡುತ್ತೇನೆ. ಬಯಾಸಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ: ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕೆ ಮೀರಿದ ವೋಲ್ಟೇಜಿನಿಂದ ಅಸ್ಥಿರವಾಗುತ್ತವೆಂದು 2024ರಲ್ಲಿ ಕಂಪನಿಯೇ ಪ್ರಕಟಿಸಿ, ಬಯಾಸಿನ ಮೂಲಕ ತಿದ್ದುಪಡಿ ಕೊಟ್ಟು, ಖಾತರಿಯನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ಅಂಥದನ್ನು ಇಟ್ಟುಕೊಂಡವರು ಬಯಾಸನ್ನು ಹೊಸದು ಮಾಡಿಸಬೇಕು. ಕೂಲರು ದೊಡ್ಡದು ಮಾಡಿದರೆ ಈ ದೋಷ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಅಂಥದನ್ನು ಕೊಳ್ಳದಿರುವುದೇ ಲೇಸು.

ಕೊಳ್ಳಲು ಎಸ್.ಪಿ. ರಸ್ತೆಗೆ ಹೋಗುವುದು ವಾಡಿಕೆ. ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲೋ ಮಾರುಕಟ್ಟೆಯಲ್ಲೋ ಇಳಿದರೆ ನಡೆಯುವಷ್ಟು ದೂರ. ಅಲ್ಲಿ ಟ್ರೇ ಪ್ರೊಸೆಸರು ಎಂದು ಪೆಟ್ಟಿಗೆಯಿಲ್ಲದ ಮಾಲು ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಕೂಲರೂ ಇಲ್ಲ, ತಯಾರಕರ ನೇರ ಖಾತರಿಯೂ ಇರುವುದಿಲ್ಲ, ಅಂಗಡಿಯವರ ಮಾತೇ ಖಾತರಿ. ಪೆಟ್ಟಿಗೆಯ ಮಾಲನ್ನೇ ಕೇಳಿ, ಬಿಲ್ಲು ಹಾಕಿಸಿ. ಸಾಕೆಟ್ಟು ಯಾವುದೆಂದು ವಿಚಾರಿಸಿ: ಎಎಂಡಿಯ ಎಎಂ5 2022ರಲ್ಲಿ ಬಂದದ್ದು, ಮುಂದೆ ಪ್ರೊಸೆಸರೊಂದನ್ನೇ ಬದಲಾಯಿಸುವ ಅವಕಾಶ ಕೊಡುವಂಥದು. ಅದಕ್ಕೆ ಡಿಡಿಆರ್5 ರ್‍ಯಾಮು ಬೇಕು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ವಿಪರೀತ ಏರಿತಾದ್ದರಿಂದ ಪ್ರೊಸೆಸರಿನ ಬೆಲೆಯೊಂದನ್ನೇ ನೋಡದೆ ಮೂರನ್ನೂ ಕೂಡಿಸಿ ನೋಡಿ. ಮನೆಯಲ್ಲಿ ಹಳೆಯ ಎಎಂ4 ಬೋರ್ಡು, ಡಿಡಿಆರ್4 ರ್‍ಯಾಮು ಇದ್ದವರು ಅದಕ್ಕೇ ಇನ್ನೊಂದು ಪ್ರೊಸೆಸರು ಹಾಕಿಕೊಂಡರೆ ಒಂದು ಕಂಪ್ಯೂಟರಿನ ಹಣವೇ ಉಳಿಯುತ್ತದೆ. ಗೋಪುರದ ಕೂಲರಿಗೆ ಎತ್ತರದ ಲೆಕ್ಕವುಂಟು. ಹಲವು 155, 160 ಮಿಲಿಮೀಟರ್ ಇರುತ್ತವೆ. ತಮ್ಮ ಕ್ಯಾಬಿನೆಟ್ಟು ಎಷ್ಟು ಎತ್ತರದ್ದನ್ನು ಹಿಡಿಸುತ್ತದೆ, ತಮ್ಮ ಸಾಕೆಟ್ಟಿಗೆ ಕೂರಿಸುವ ಪಟ್ಟಿ ಪೆಟ್ಟಿಗೆಯಲ್ಲಿದೆಯೆ, ಇವೆರಡನ್ನೂ ಹಣ ಕೊಡುವ ಮುಂಚೆ ಕೇಳಬೇಕು. ಇಲ್ಲವಾದರೆ ಪಕ್ಕದ ಮುಚ್ಚಳ ಮುಚ್ಚದೆ ಮತ್ತೆ ಮೆಟ್ರೊ ಹತ್ತಬೇಕಾಗುತ್ತದೆ.

ಜೋಡಿಸುವಾಗ ಹತ್ತಿರ ನಿಂತು ನೋಡಿ. ಕೂಲರಿನ ತಾಮ್ರದ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಕೀಳದೆ ಹಾಕಿಬಿಟ್ಟ ಯಂತ್ರಗಳನ್ನು ನಾನು ಎರಡು ಬಾರಿ ಕಂಡಿದ್ದೇನೆ. ಪ್ರೊಸೆಸರಿಗೂ ತಳಕ್ಕೂ ನಡುವೆ ಹಚ್ಚುವ ಪೇಸ್ಟು ಬಟಾಣಿ ಕಾಳಿನಷ್ಟಿದ್ದರೆ ಸಾಕು, ಕಣ್ಣಿಗೆ ಕಾಣದ ತಗ್ಗುಗಳನ್ನು ತುಂಬುವುದಷ್ಟೇ ಅದರ ಕೆಲಸ. ಕೆಲವು ವರ್ಷಗಳಲ್ಲಿ ಅದು ಒಣಗುತ್ತದೆ, ಆಗ ಒರಸಿ ಹೊಸದಾಗಿ ಹಚ್ಚಬೇಕು. ಎಲ್ಲ ಮುಗಿದ ಮೇಲೆ, ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್ಫೊದಂಥ ಉಚಿತ ತಂತ್ರಾಂಶವನ್ನು ಹಾಕಿಸಿ, ಅಂಗಡಿಯಲ್ಲಿಯೇ ಅರ್ಧ ಗಂಟೆ ಎಲ್ಲ ಕೋರುಗಳನ್ನೂ ದುಡಿಸಿ ಅಂಕಿಯನ್ನು ಬರೆದುಕೊಳ್ಳಿ. ಅಂಗಡಿಯಲ್ಲಿ ಏ.ಸಿ. ಇದ್ದರೆ ಅಲ್ಲಿಯ ಉಷ್ಣತೆಯನ್ನೂ ಪಕ್ಕದಲ್ಲಿ ಬರೆಯಿರಿ. ತಮ್ಮ ಮೇಲಂತಸ್ತಿನ ಕೋಣೆ ಅದಕ್ಕಿಂತ ಎಷ್ಟು ಡಿಗ್ರಿ ಹೆಚ್ಚೋ ಅಷ್ಟನ್ನು ಕೂಡಿಸಿ ನೋಡಿದ ಮೇಲೆ ಉಳಿದ ಹಣವನ್ನು ಕೊಡಿ.